ಮೂಗಿಗಿಂತ ಮೂಗುತಿ ಭಾರವಾದಾಗ



ಸಾವಿಲ್ಲದ ಮನೆಯಿಂದ ಸಾಸಿವೆ ತರಲಾಗದು ಎನ್ನುತ್ತಾರೆ ಹಿರಿಯರು. ಹಾಗೆಯೇ ನೋವಿಲ್ಲದ ಮನೆಯನ್ನೂ ಹುಡುಕಲಾಗದು. ಆದರೆ ಎಲ್ಲ ನೋವುಗಳೂ ಒಂದೇ ಬಗೆಯವಲ್ಲ. ಆಡುತ್ತ ಬಿದ್ದ ಮಗುವಿನ ಮೊಣಕಾಲಿನ ಗಾಯ ಎಂಟು ದಿನಗಳಲ್ಲಿ ಮಾಯುತ್ತದೆ, ನೋವೂ ಹೋಗುತ್ತದೆ. ಇನ್ನೊಂದು ಬಗೆಯ ನೋವು ಬಂದ ಮೇಲೆ ಹೋಗುವುದನ್ನೇ ಮರೆಯುತ್ತದೆ. ತಿಂಗಳುಗಳಲ್ಲ, ವರ್ಷಗಟ್ಟಲೆ ಮೈಯಲ್ಲಿ ಮನೆ ಮಾಡಿಕೊಳ್ಳುತ್ತದೆ. ಅದೇ ನರದ ನೋವು.

ಸಕ್ಕರೆ ಕಾಯಿಲೆ ಹಳೆಯದಾದವರ ಅಂಗಾಲು ರಾತ್ರಿ ಹೊತ್ತು ಕೆಂಡ ತುಳಿದಂತೆ ಉರಿಯುತ್ತದೆ. ಸರ್ಪಸುತ್ತು ವಾಸಿಯಾದರೂ ಅದು ಬಂದು ಹೋದ ಜಾಗದಲ್ಲಿ ಬಟ್ಟೆ ತಾಗಿದರೂ ಸಹಿಸಲಾಗದಂಥ ಉರಿ ಉಳಿಯುತ್ತದೆ. ಕೆಲವರಿಗೆ ಹಲ್ಲುಜ್ಜುವಾಗಲೋ ಮುಖಕ್ಕೆ ಗಾಳಿ ಬೀಸಿದಾಗಲೋ ಕೆನ್ನೆಯಲ್ಲಿ ಕರೆಂಟ್ ಹೊಡೆದಂತಾಗುತ್ತದೆ. ಬೆನ್ನುಮೂಳೆಯ ನಡುವಿನ ಡಿಸ್ಕ್ ಜರುಗಿ ನರವನ್ನು ಒತ್ತಿದವರಿಗೆ ಸೊಂಟದಿಂದ ಹಿಮ್ಮಡಿಯವರೆಗೆ ನೋವು ಎಳೆಯುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಎಂದ ಮೇಲೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ನಮ್ಮ ಮನೆಗಳಲ್ಲಿ ಈ ಉರಿಯನ್ನು ಅನುಭವಿಸುತ್ತಿರುವವರು ಎಷ್ಟು ಮಂದಿ ಇರಬಹುದು, ನೀವೇ ಲೆಕ್ಕ ಹಾಕಿ.

ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದವನ್ನು ತೆಗೆದುಕೊಂಡು ರೋಗಿಗಳ ಮನೆಗಳಿಗೆ ಹೋಗುವ ಗುರುಗಳೆಲ್ಲರಿಗೂ ಎರಡು ಮಾತುಗಳು ಚೆನ್ನಾಗಿ ಪರಿಚಿತ. ಒಂದು: "ಸ್ವಾಮಿ, ಮಾತ್ರೆ ನುಂಗಿದ್ರೆ ತಲೆ ಸುತ್ತುತ್ತೆ, ನುಂಗದಿದ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ನಾನೇನು ಮಾಡ್ಲಿ?" ಇನ್ನೊಂದು: "ಇದು ದೇವರು ಕೊಟ್ಟ ಶಿಲುಬೆ ಸ್ವಾಮಿ, ಮಾತ್ರೆ ಯಾಕೆ ಅಂತ ನಿಲ್ಲಿಸಿಬಿಟ್ಟೆ." ಯಾವ ಮಾತ್ರೆ, ಎಷ್ಟು, ಎಷ್ಟು ದಿನ ಎಂದು ಹೇಳಬೇಕಾದವರು ವೈದ್ಯರು. ಗುರುಗಳು ಔಷಧ ಚೀಟಿ ಬರೆಯಬಾರದು. ಆದರೆ ಈ ಎರಡು ಮಾತುಗಳ ಹಿಂದೆ ಮನಸ್ಸಾಕ್ಷಿಯ ಪ್ರಶ್ನೆಯೊಂದಿದೆ. ನೋವನ್ನು ತಗ್ಗಿಸಿಕೊಳ್ಳುವುದು ವಿಶ್ವಾಸದ ಕೊರತೆಯೇ? ಔಷಧದಿಂದಲೇ ತೊಂದರೆಯಾದರೆ ಅದನ್ನೂ ಸಹಿಸಬೇಕೇ? ಎಲ್ಲಿಯವರೆಗೆ? ಇದನ್ನು ಈ ವಾರ ಒಟ್ಟಾಗಿ ಧ್ಯಾನಿಸೋಣ.

ನೋವಿನ ಕೆಲಸವೇನು?

ನೋವನ್ನು ದೇವರು ಏಕೆ ಸೃಷ್ಟಿಸಿದರು ಎಂದು ಕೇಳುವವರು ಒಮ್ಮೆ ನಮ್ಮ ಮಾಗಡಿ ರಸ್ತೆಯ ಸುಮನಹಳ್ಳಿಯನ್ನು ನೆನೆಯಬೇಕು. ಇಂದು ಸುಮನಹಳ್ಳಿ ಎಂದರೆ ಹಲವರಿಗೆ ಮೇಲ್ಸೇತುವೆ, ಬಸ್ ನಿಲ್ದಾಣ, ವಾಹನಗಳ ದಟ್ಟಣೆ ಅಷ್ಟೆ. ಆದರೆ ಆ ಹೆಸರು ಬಂದಿದ್ದು 1970ರ ದಶಕದ ಕೊನೆಯಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರವು ಅಲ್ಲಿ ಆರಂಭಿಸಿದ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರದಿಂದ. ಕುಷ್ಠರೋಗವು ನರಗಳ ರೋಗ. ಅದು ಕೈಕಾಲುಗಳ ಸ್ಪರ್ಶಜ್ಞಾನವನ್ನು ಕಸಿದುಕೊಳ್ಳುತ್ತದೆ. ಬಿಸಿ ಪಾತ್ರೆ ಹಿಡಿದರೂ ಸುಡುವುದು ತಿಳಿಯದು, ಮೊಳೆ ಚುಚ್ಚಿದರೂ ತಿಳಿಯದು. ವೆಲ್ಲೂರಿನಲ್ಲಿ ಸೇವೆ ಸಲ್ಲಿಸಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು (1914-2003) ಈ ಸತ್ಯವನ್ನು ಲೋಕಕ್ಕೆ ತೋರಿಸಿಕೊಟ್ಟರು. ಕುಷ್ಠರೋಗಿಗಳ ಬೆರಳುಗಳು ತಾವಾಗಿಯೇ ಕೊಳೆತು ಉದುರುವುದಿಲ್ಲ. ನೋವು ತಿಳಿಯದ ಕಾರಣ ಗಾಯದ ಮೇಲೆ ಗಾಯವಾಗಿ ಅವು ಸವೆದುಹೋಗುತ್ತವೆ. ನೋವೇ ಇಲ್ಲದ ದೇಹ ಕಾವಲುಗಾರನಿಲ್ಲದ ಮನೆಯಂತೆ. ಆದ್ದರಿಂದ ನೋವು ದೇವರ ಒಂದು ಕೊಡುಗೆ ಎಂದು ಅವರು ಸಾರಿದರು.

ಇದು ನಿಜ. ಆದರೆ ಇಲ್ಲಿಗೇ ನಿಲ್ಲಬಾರದು. ದೇವಾಲಯದ ಗಂಟೆಯನ್ನು ಯೋಚಿಸಿ. ಅದು ಪೂಜೆಗೆ ಕರೆಯುತ್ತದೆ, ಯಾರಾದರೂ ತೀರಿಕೊಂಡರೆ ಸುದ್ದಿ ತಿಳಿಸುತ್ತದೆ. ಆದರೆ ಗಂಟೆಯ ಯಂತ್ರ ಕೆಟ್ಟು, ಯಾರೂ ಎಳೆಯದೆಯೇ ನಡುರಾತ್ರಿ ಎರಡು ಗಂಟೆಗೆ ಅದು ಬಾರಿಸತೊಡಗಿದರೆ? ಅದನ್ನು ಯಾರೂ ಪೂಜೆಯ ಕರೆ ಎಂದುಕೊಳ್ಳುವುದಿಲ್ಲ. ಹತ್ತಿ ಹೋಗಿ ಸರಿಪಡಿಸುತ್ತಾರೆ. ನರದ ನೋವು ಅಂಥ ಕೆಟ್ಟ ಗಂಟೆ. ಅಂಗಾಲಿನಲ್ಲಿ ಕೆಂಡವಿಲ್ಲ, ಆದರೆ ಹಾನಿಗೊಂಡ ನರವು ಕೆಂಡವಿದೆ ಎಂದು ಮಿದುಳಿಗೆ ಸುಳ್ಳು ಸುದ್ದಿ ಕಳುಹಿಸುತ್ತಲೇ ಇರುತ್ತದೆ. ಸುಮನಹಳ್ಳಿಯಂಥ ಕೇಂದ್ರಗಳಿಗೆ ಬರುವವರಲ್ಲಿಯೂ ಈ ವಿಚಿತ್ರವನ್ನು ಕಾಣಬಹುದು. ಸ್ಪರ್ಶವೇ ತಿಳಿಯದ ಪಾದದಲ್ಲಿ, ರೋಗ ವಾಸಿಯಾದ ಮೇಲೂ, ಉರಿ ಮಾತ್ರ ಉಳಿಯಬಹುದು. ಕಾವಲುಗಾರ ಹೋಗಿಬಿಟ್ಟಿದ್ದಾನೆ, ಕೂಗು ಮಾತ್ರ ಉಳಿದಿದೆ.

ಹಾಗಾಗಿ ನರದ ನೋವನ್ನು ತಗ್ಗಿಸಿಕೊಳ್ಳುವವನು ದೇವರ ಎಚ್ಚರಿಕೆಗೆ ಕಿವಿ ಮುಚ್ಚಿಕೊಂಡವನಲ್ಲ. ಮೊದಲು ಕಾರಣವನ್ನು ಹುಡುಕಬೇಕು ನಿಜ. ಸಕ್ಕರೆ ಹತೋಟಿಯಲ್ಲಿದೆಯೇ? ಬಿ-12 ಜೀವಸತ್ವದ ಕೊರತೆಯಿದೆಯೇ? ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ ಈ ಕೊರತೆ ಕಾಣಿಸಿಕೊಳ್ಳಬಹುದು. ಕುಡಿತವೂ ನರಗಳನ್ನು ಕೆಡಿಸುತ್ತದೆ. ಕಾರಣ ಸಿಕ್ಕಿ ಅದಕ್ಕೆ ಚಿಕಿತ್ಸೆ ನಡೆಯುತ್ತಿರುವಾಗಲೂ ಉರಿ ಉಳಿದರೆ, ಅದನ್ನು ಶಮನಗೊಳಿಸುವುದು ದಯೆಯ ಕೆಲಸ.

ವಿಶ್ವಾಸವೂ ಔಷಧವೂ

ಪವಿತ್ರ ಗ್ರಂಥ ಔಷಧದ ವಿರೋಧಿಯಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಇಂದು ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಓದಿರಿ. ವೈದ್ಯನನ್ನು ಗೌರವಿಸು, ಭೂಮಿಯಿಂದ ಔಷಧಗಳನ್ನು ಉಂಟುಮಾಡಿದವರು ದೇವರೇ, ಬುದ್ಧಿವಂತನು ಅವುಗಳನ್ನು ತಿರಸ್ಕರಿಸುವುದಿಲ್ಲ ಎಂಬುದು ಅಲ್ಲಿನ ಬೋಧನೆ. ಪ್ರವಾದಿ ಯೆಶಾಯರು ಹಿಜ್ಕೀಯ ರಾಜನ ಹುಣ್ಣಿಗೆ ಅಂಜೂರದ ಪಟ್ಟಿ ಕಟ್ಟಿಸಿದರು. ಸಂತ ಪೌಲರು ತಿಮೊಥೇಯರಿಗೆ ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಬರೆದರು. ದಯಾಳು ಸಮಾರಿತನು ದಾರಿಯಲ್ಲಿ ಬಿದ್ದವನಿಗೆ ಬರೀ ಪ್ರಾರ್ಥನೆ ಹೇಳಿ ಹೋಗಲಿಲ್ಲ, ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಚ್ಚಿ ಕಟ್ಟಿದನು.

"ಆದರೆ ಪ್ರಭು ಯೇಸು ಶಿಲುಬೆಗೇರುವ ಮುನ್ನ ಕೊಟ್ಟ ನೋವಿನ ಮದ್ದನ್ನು ಬೇಡವೆಂದರಲ್ಲ?" ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಅವರು ಸ್ವೀಕರಿಸಲಿಲ್ಲ ಎಂದು ಸಂತ ಮಾರ್ಕರು ಬರೆಯುತ್ತಾರೆ. ಲೋಕದ ರಕ್ಷಣೆಗಾಗಿ ತಮ್ಮನ್ನೇ ಅರ್ಪಿಸುತ್ತಿದ್ದ ಪ್ರಭುವಿನ ಸ್ವಇಚ್ಛೆಯ ತೀರ್ಮಾನವದು. ಆದರೆ ಅದೇ ಪ್ರಭು ತಮ್ಮ ಬಳಿಗೆ ಬಂದ ಒಬ್ಬ ರೋಗಿಗಾದರೂ "ನೋವು ಒಳ್ಳೆಯದು, ಇಟ್ಟುಕೋ" ಎಂದು ಹೇಳಿ ಕಳುಹಿಸಿದ್ದುಂಟೇ? ಇಲ್ಲ. ಕೊನೆಗೆ ಶಿಲುಬೆಯ ಮೇಲೆ ತಮಗೆ ದಾಹವಾದಾಗ ಅದನ್ನು ಬಾಯಿಬಿಟ್ಟು ಹೇಳಿದರು, ತುಟಿಗೆ ಹಿಡಿದ ಹುಳಿರಸವನ್ನು ಸ್ವೀಕರಿಸಿದರು ಎಂದು ಸಂತ ಯೊವಾನ್ನರು ಸಾಕ್ಷಿ ನುಡಿಯುತ್ತಾರೆ. ತನ್ನ ಸಂಕಟವನ್ನು ಹೇಳಿಕೊಳ್ಳುವುದು ಪಾಪವಲ್ಲ.

ಧರ್ಮಸಭೆಯ ಬೋಧನೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1957ರ ಫೆಬ್ರವರಿಯಲ್ಲಿ ಇಟಲಿಯ ಅರಿವಳಿಕೆ ತಜ್ಞರು ಮುಂದಿಟ್ಟ ಪ್ರಶ್ನೆಗಳಿಗೆ ಪೋಪ್ ಹನ್ನೆರಡನೆಯ ಪಯಸ್ ಅವರು ಉತ್ತರಿಸಿದರು. ಕ್ರೈಸ್ತನು ನೋವನ್ನು ನೋವಿಗಾಗಿಯೇ ಬಯಸಬೇಕಾಗಿಲ್ಲ, ಅದನ್ನು ಔಷಧದಿಂದ ಶಮನಗೊಳಿಸುವುದು ನ್ಯಾಯವೇ ಎಂಬುದು ಅವರ ಉತ್ತರದ ತಾತ್ಪರ್ಯ. ಆ ಔಷಧವು ನಮ್ಮ ಇತರ ಧಾರ್ಮಿಕ, ನೈತಿಕ ಕರ್ತವ್ಯಗಳಿಗೆ ಅಡ್ಡಿಯಾಗುತ್ತದೆಯೇ ಎಂಬುದನ್ನು ಗಮನಿಸಬೇಕೆಂದೂ ಅವರು ಸೂಚಿಸಿದರು. 1980ರಲ್ಲಿ ರೋಮಿನ ವಿಶ್ವಾಸ ಸಿದ್ಧಾಂತ ಪರಿಷತ್ತು ಹೊರಡಿಸಿದ ಘೋಷಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕ್ರಿಸ್ತರ ಪಾಡುಗಳೊಡನೆ ಒಂದಾಗಲು ಯಾರಾದರೂ ಸ್ವಇಚ್ಛೆಯಿಂದ ನೋವಿನ ಮದ್ದನ್ನು ಕಡಿಮೆ ಮಾಡಿಕೊಂಡರೆ ಅದು ಮೆಚ್ಚತಕ್ಕದ್ದೇ, ಆದರೆ ಅದನ್ನು ಎಲ್ಲರಿಗೂ ನಿಯಮವಾಗಿ ಹೇರುವುದು ವಿವೇಕವಲ್ಲ ಎಂದು ಅದು ತಿಳಿಸಿತು. ಆದ್ದರಿಂದ ತಪಸ್ಸುಕಾಲದಲ್ಲಿ ಅತ್ತೆಯವರ ಮಾತ್ರೆಯನ್ನು ತ್ಯಾಗದ ಹೆಸರಿನಲ್ಲಿ ನಿಲ್ಲಿಸುವ ಹಕ್ಕು ಸೊಸೆಗಿಲ್ಲ. ನೆರೆಮನೆಯವರಿಗೂ ಇಲ್ಲ, ಗುರುಗಳಿಗೂ ಇಲ್ಲ.

ಒಂದು ಮಾತ್ರೆ, ಎರಡು ಫಲ

ಇಷ್ಟು ಹೇಳಿದ ಮೇಲೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಒಂದು ಸೂಕ್ಷ್ಮವನ್ನು ಗುರುತಿಸಿದ್ದರು. ಒಂದೇ ಕ್ರಿಯೆಗೆ ಎರಡು ಫಲಗಳಿರಬಹುದು. ಒಂದು ನಾವು ಉದ್ದೇಶಿಸಿದ್ದು, ಇನ್ನೊಂದು ನಮ್ಮ ಉದ್ದೇಶದಾಚೆಗಿನದು. ಆತ್ಮರಕ್ಷಣೆಯ ಬಗ್ಗೆ ಅವರು ಹೇಳಿದ್ದು ಇದು. ಉದ್ದೇಶ ಒಳ್ಳೆಯದಾದರೆ ಸಾಲದು, ಕ್ರಿಯೆಯು ಆ ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂದೂ ಅವರು ಹೇಳಿದರು. ಔಷಧದ ಅಡ್ಡಪರಿಣಾಮಕ್ಕೂ ಈ ವಿವೇಕ ಅನ್ವಯಿಸುತ್ತದೆ.

ನರದ ನೋವಿಗೆ ಸಾಮಾನ್ಯ ನೋವಿನ ಮಾತ್ರೆಗಳು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡೈಕ್ಲೋಫೆನಾಕ್ ಅನ್ನು ತಿಂಗಳುಗಟ್ಟಲೆ ನುಂಗುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತೆ. ಉರಿ ಹೋಗದು, ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ವೈದ್ಯರು ಬೇರೆ ಔಷಧಗಳನ್ನು ಕೊಡುತ್ತಾರೆ. ಅಮಿಟ್ರಿಪ್ಟಿಲಿನ್ ಮತ್ತು ಡುಲಾಕ್ಸೆಟಿನ್ ಮೂಲತಃ ಮನಸ್ಸಿನ ಖಿನ್ನತೆಗೆ ಬಳಕೆಗೆ ಬಂದವು. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಕಾರ್ಬಮಜೆಪಿನ್ ಮೂರ್ಛೆರೋಗಕ್ಕೂ ಬಳಸುವ ಔಷಧಗಳು. ಇದನ್ನು ಯಾರೋ ಓದಿ ಹೇಳಿದರೆ ಸಾಕು, "ಡಾಕ್ಟರು ನನಗೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ" ಎಂದು ಗಾಬರಿಯಾಗಿ ಬಿಸಾಡಿಬಿಡುವವರಿದ್ದಾರೆ. ಗಾಬರಿ ಬೇಡ. ಸುಳ್ಳು ಸುದ್ದಿ ಕಳುಹಿಸುವ ನರಗಳ ಗದ್ದಲವನ್ನು ತಗ್ಗಿಸುವ ಗುಣ ಇವುಗಳಿಗಿದೆ, ಅದಕ್ಕಾಗಿ ಕೊಟ್ಟಿದ್ದಾರೆ.

ಆದರೆ ಇವು ನರಮಂಡಲವನ್ನೇ ಮುಟ್ಟುವ ಔಷಧಗಳಾದ್ದರಿಂದ ಬೆಲೆಯನ್ನೂ ಕೇಳುತ್ತವೆ. ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಮಂಪರು ಬರುತ್ತದೆ. ವಯಸ್ಸಾದವರಿಗೆ ಮೂತ್ರ ಕಟ್ಟಬಹುದು, ಮನಸ್ಸು ಗೊಂದಲಗೊಳ್ಳಬಹುದು, ಹೃದಯದ ತೊಂದರೆಯಿರುವವರಿಗೆ ಅಪಾಯವಾಗಬಹುದು. ಡುಲಾಕ್ಸೆಟಿನ್‌ನಿಂದ ವಾಕರಿಕೆ, ಬೆವರು. ಪ್ರಿಗ್ಯಾಬಲಿನ್ ಮತ್ತು ಗ್ಯಾಬಾಪೆಂಟಿನ್‌ನಿಂದ ತಲೆಸುತ್ತು, ತೂಕಡಿಕೆ, ಕಾಲು ಊತ, ತೂಕ ಹೆಚ್ಚಳ. ಮೂತ್ರಪಿಂಡ ದುರ್ಬಲವಾಗಿದ್ದರೆ ಇವುಗಳ ಪ್ರಮಾಣವನ್ನು ಇಳಿಸಲೇಬೇಕು. ಮದ್ಯದೊಡನೆ ಅಥವಾ ಅಫೀಮಿನ ಜಾತಿಯ ಮಾತ್ರೆಗಳೊಡನೆ ಸೇರಿದರೆ ಉಸಿರಾಟವೇ ನಿಧಾನವಾಗುವ ಅಪಾಯವಿದೆ. ಮುಖದ ನರದ ನೋವಿಗೆ ಕೊಡುವ ಕಾರ್ಬಮಜೆಪಿನ್‌ನಿಂದ ಕೆಲವರ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ. ಅದನ್ನು ನುಂಗುವಾಗ ಮೈಮೇಲೆ ಗುಳ್ಳೆ, ಜ್ವರ, ಬಾಯಿಹುಣ್ಣು ಕಾಣಿಸಿಕೊಂಡರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಓಡಬೇಕು. ಟ್ರಮಡಾಲ್ ಅಭ್ಯಾಸವಾಗಿಬಿಡುವ ಔಷಧ. 2018ರಲ್ಲಿ ನಮ್ಮ ಸರ್ಕಾರ ಅದನ್ನು ಮಾದಕ ವಸ್ತುಗಳ ಕಾನೂನಿನ ಹತೋಟಿಗೆ ತಂದಿತು.

ಇನ್ನೊಂದು ವಿಷಯ ಗಮನಿಸಿ. ನಮ್ಮ ದೇಶದಲ್ಲಿ ಪ್ರಿಗ್ಯಾಬಲಿನ್ ಅನ್ನು ಬಿ-12 ಜೀವಸತ್ವದೊಡನೆ ಬೆರೆಸಿದ ಒಂದೇ ಗುಳಿಗೆಯಾಗಿ ಮಾರುವುದು ಸಾಮಾನ್ಯ. "ಅದು ಬರೀ ವಿಟಮಿನ್ ಮಾತ್ರೆ" ಎಂದುಕೊಂಡು ಮನಬಂದಂತೆ ನುಂಗುವವರೂ, ಬಿಡುವವರೂ, ಪಕ್ಕದ ಮನೆಯವರಿಗೆ ಎರಡು ಕೊಡುವವರೂ ಇದ್ದಾರೆ. ದಯವಿಟ್ಟು ಚೀಟಿಯ ಮೇಲೆ ಬರೆದಿರುವ ಔಷಧಗಳ ಹೆಸರುಗಳನ್ನು ಮಕ್ಕಳಿಂದಲಾದರೂ ಓದಿಸಿಕೊಳ್ಳಿ.

ತೂಗುವವರು ಯಾರು?

ಮೂಗಿಗಿಂತ ಮೂಗುತಿ ಭಾರವಾಗಬಾರದು ಎನ್ನುತ್ತದೆ ನಮ್ಮ ಗಾದೆ. ಔಷಧದಿಂದಾಗುವ ಉಪಕಾರಕ್ಕಿಂತ ಉಪದ್ರವವೇ ಹೆಚ್ಚಾದರೆ ಆ ಔಷಧವನ್ನು ಬದಲಿಸಬೇಕು. ಆದರೆ ಮೂಗುತಿಯ ಭಾರ ಯಾರಿಗೆ ತಿಳಿಯುತ್ತದೆ? ಮಾಡಿದ ಅಕ್ಕಸಾಲಿಗನಿಗಲ್ಲ, ನೋಡುವವರಿಗಲ್ಲ, ತೊಟ್ಟವಳಿಗೆ.

2022ರಲ್ಲಿ ಬ್ರಿಟನ್ನಿನ ವೈದ್ಯರು ಸಕ್ಕರೆ ಕಾಯಿಲೆಯ ನರದ ನೋವಿರುವ 130 ಮಂದಿಯ ಮೇಲೆ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್ ಮೂರರಲ್ಲಿ ಯಾವುದರಿಂದ ಆರಂಭಿಸಿದರೂ, ಸಾಲದಿದ್ದಾಗ ಇನ್ನೊಂದನ್ನು ಸೇರಿಸುತ್ತ ಹೋದಾಗ, ನೋವು ತಗ್ಗಿದ್ದು ಸುಮಾರು ಒಂದೇ ಪ್ರಮಾಣದಲ್ಲಿ. ಹತ್ತಕ್ಕೆ ಸುಮಾರು ಆರೂವರೆಯಷ್ಟಿದ್ದ ನೋವು ಮೂರೂ ಬಗೆಯಲ್ಲಿ ಮೂರು ಚಿಲ್ಲರೆಗೆ ಇಳಿಯಿತು. ವ್ಯತ್ಯಾಸ ಕಂಡದ್ದು ಅಡ್ಡಪರಿಣಾಮಗಳಲ್ಲಿ. ಒಂದರಲ್ಲಿ ಬಾಯಿ ಒಣಗುವುದು ಹೆಚ್ಚು, ಇನ್ನೊಂದರಲ್ಲಿ ವಾಕರಿಕೆ ಹೆಚ್ಚು, ಮತ್ತೊಂದರಲ್ಲಿ ತಲೆಸುತ್ತು ಹೆಚ್ಚು. ಇದರ ಅರ್ಥವೇನು? ಯಾವ ಔಷಧ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ರೋಗಿಯ ಬದುಕಿನಲ್ಲೇ ಇದೆ. ಕಾಮಾಕ್ಷಿಪಾಳ್ಯದ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುವವನಿಗೂ, ಆಟೋ ಓಡಿಸುವವನಿಗೂ ತಲೆಸುತ್ತು ಪ್ರಾಣಕ್ಕೇ ಕುತ್ತು. ರಾತ್ರಿ ಮೂರು ಸಲ ಏಳುವ ಎಪ್ಪತ್ತೈದರ ಅಜ್ಜಿಗೆ ಮಂಪರೆಂದರೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಭಯ. ಆದರೆ ಉರಿಯಿಂದ ತಿಂಗಳುಗಟ್ಟಲೆ ನಿದ್ದೆಗೆಟ್ಟ ಐವತ್ತರ ವ್ಯಕ್ತಿಗೆ, ಹೃದಯ ಗಟ್ಟಿಯಾಗಿದ್ದರೆ, ಅದೇ ಮಂಪರು ವರವಾಗಬಹುದು.

ಇದನ್ನು ಸುಮನಹಳ್ಳಿಯಂಥ ಕೇಂದ್ರಗಳಲ್ಲಿ ಸೇವೆ ಮಾಡುವವರು ಬಹಳ ಹಿಂದೆಯೇ ಕಂಡವರು. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆ ಕುಷ್ಠರೋಗವನ್ನು ಪೂರ್ಣವಾಗಿ ಗುಣಪಡಿಸಿತು. ಅದರಲ್ಲಿನ ಕ್ಲೋಫಜಿಮಿನ್ ಎಂಬ ಔಷಧ ಚರ್ಮವನ್ನು ಕೆಂಪು ಬೆರೆತ ಕಪ್ಪಾಗಿಸುತ್ತದೆ. ಔಷಧ ನಿಂತ ಮೇಲೆ ಆ ಬಣ್ಣ ನಿಧಾನವಾಗಿ ಇಳಿಯುತ್ತದೆ. ವೈದ್ಯಕೀಯ ಪುಸ್ತಕದಲ್ಲಿ ಅದು ಸಣ್ಣ ಅಡ್ಡಪರಿಣಾಮ. ಆದರೆ ರೋಗವನ್ನು ಊರಿಂದ ಮುಚ್ಚಿಟ್ಟ ಹೆಣ್ಣುಮಗಳಿಗೆ, ಮದುವೆಯಾಗಬೇಕಾದ ಹುಡುಗಿಗೆ, ಅದು ಗುಟ್ಟು ಬಯಲಾಗುವ ಭಯ. ಹೇಳಿಕೊಳ್ಳಲಾರದೆ ಮಾತ್ರೆಯನ್ನೇ ಬಿಟ್ಟರೆ ರೋಗ ಮುಂದುವರಿಯುತ್ತದೆ. "ಇದು ತಾತ್ಕಾಲಿಕ, ಹೋಗುತ್ತದೆ" ಎಂದು ಕೂರಿಸಿಕೊಂಡು ವಿವರಿಸುವವರಿದ್ದಾಗ ಸಹಿಸುವ ಧೈರ್ಯ ಬರುತ್ತದೆ. ಇನ್ನು ನರದ ಉರಿಯೂತವನ್ನು ತಡೆಯಲು ತಿಂಗಳುಗಟ್ಟಲೆ ಕೊಡುವ ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ಮೂಳೆಯನ್ನು ತೆಳುವಾಗಿಸುತ್ತದೆ. ಆದರೂ ಕೈ ಶಾಶ್ವತವಾಗಿ ಸೊಟ್ಟಗಾಗುವುದನ್ನು ತಪ್ಪಿಸಲು ಅದನ್ನು ಎಚ್ಚರದಿಂದ ಕೊಡುತ್ತಾರೆ. ಒಂದೊಂದು ಸಲವೂ ತಕ್ಕಡಿಯಲ್ಲಿಟ್ಟು ತೂಗಬೇಕು. ಒಂದು ತಟ್ಟೆಯನ್ನು ವೈದ್ಯರು ಬಲ್ಲರು, ಇನ್ನೊಂದನ್ನು ರೋಗಿ ಬಲ್ಲ.

ಹಾಗಾದರೆ ಮನೆಯಲ್ಲಿ ಹೇಗೆ ತೂಗುವುದು? ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಮೊದಲನೆಯದು, ಈ ಔಷಧ ನನಗೆ ಏನನ್ನು ಹಿಂದಿರುಗಿಸಿತು? ನೋವು ಪೂರ್ತಿ ಹೋಯಿತೇ ಎಂದು ಕೇಳಬೇಡಿ. ಈ ನೋವಿನಲ್ಲಿ ಅರ್ಧದಷ್ಟು ಇಳಿದರೂ ಅದು ಒಳ್ಳೆಯ ಫಲ. ನಾಲ್ಕು ಗಂಟೆ ನಿದ್ದೆ ಬಂತೇ? ದೇವಾಲಯದವರೆಗೆ ನಡೆಯಲಾಯಿತೇ? ಮೊಮ್ಮಗುವನ್ನು ಎತ್ತಿಕೊಳ್ಳಲಾಯಿತೇ?

ಎರಡನೆಯದು, ಏನನ್ನು ಕಸಿದುಕೊಂಡಿತು? ಕೆಲಸವನ್ನೋ, ನೆನಪನ್ನೋ, ಜಪಸರ ಹಿಡಿದು ಕೂರುವ ಎಚ್ಚರವನ್ನೋ? ಮನಸ್ಸಿನಲ್ಲಿ ಹಿಂದೆಂದೂ ಇಲ್ಲದ ಕತ್ತಲೆ ಕವಿದು, ಬದುಕು ಬೇಡವೆನಿಸುತ್ತಿದೆಯೇ? ಈ ಕೊನೆಯದನ್ನು ಅಡಗಿಸಬೇಡಿ. ಇಂಥ ಔಷಧಗಳೂ ಕೆಲವರಲ್ಲಿ ಹಾಗೆ ಮಾಡುವುದುಂಟು, ಬಿಡದ ನೋವೂ ಹಾಗೆ ಮಾಡುವುದುಂಟು. ಅದು ನಿಮ್ಮ ವಿಶ್ವಾಸದ ಸೋಲಲ್ಲ. ಅಂದೇ ಮನೆಯವರಿಗೆ ಹೇಳಿ, ಅಂದೇ ವೈದ್ಯರಿಗೆ ತಿಳಿಸಿ.

ಮೂರನೆಯದು, ಈ ತೊಂದರೆ ಬಂದು ಹೋಗುವುದೋ, ಉಳಿಯುವುದೋ? ತೂಕಡಿಕೆ, ವಾಕರಿಕೆ ಮೊದಲ ಒಂದೆರಡು ವಾರಗಳಲ್ಲಿ ಹೆಚ್ಚಿದ್ದು ಅನೇಕರಲ್ಲಿ ತಗ್ಗುತ್ತದೆ. ಔಷಧದ ಪೂರ್ಣ ಗುಣ ಕಾಣಲೂ ಕೆಲವು ವಾರಗಳು ಬೇಕು. ಮೂರೇ ದಿನಕ್ಕೆ ತೀರ್ಪು ಕೊಡಬೇಡಿ.

ನಾಲ್ಕನೆಯದು, ಬೇರೆ ದಾರಿಯುಂಟೇ? ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಬಹುದೇ? ರಾತ್ರಿ ಮಾತ್ರ ಕೊಡಬಹುದೇ? ಒಂದೇ ಜಾಗದ ಉರಿಗೆ ಲಿಡೋಕೇನ್ ಪಟ್ಟಿ ಅಥವಾ ಮೆಣಸಿನಕಾಯಿಯ ಖಾರದಿಂದ ಮಾಡಿದ ಕ್ಯಾಪ್ಸೈಸಿನ್ ಮುಲಾಮು ಹೊಂದುತ್ತದೆಯೇ? ಇವುಗಳನ್ನು ವೈದ್ಯರ ಮುಂದೆ ಕೇಳುವುದು ಅವಿಧೇಯತೆಯಲ್ಲ. ಹೊರರೋಗಿ ವಿಭಾಗದ ಉದ್ದ ಸಾಲಿನಲ್ಲಿ ನಿಂತು ಒಳಗೆ ಹೋದಾಗ ಸಿಗುವುದು ಕೆಲವೇ ನಿಮಿಷ. ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ಎರಡು ಮೌನಗಳು

ಈ ವಿಷಯದಲ್ಲಿ ನಮ್ಮ ಜನರು ಬೀಳುವ ಎರಡು ಗುಂಡಿಗಳಿವೆ. ಎರಡೂ ಮೌನದ ಗುಂಡಿಗಳು.

ಮೊದಲನೆಯದು, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುವುದು. ಈ ಔಷಧಗಳನ್ನು ಬಹುಕಾಲ ತೆಗೆದುಕೊಂಡು ಥಟ್ಟನೆ ಬಿಟ್ಟರೆ ನಿದ್ದೆಗೇಡು, ಕಳವಳ, ಬೆವರು, ವಾಕರಿಕೆ ಬರಬಹುದು. ಕೆಲವು ಔಷಧಗಳ ವಿಷಯದಲ್ಲಿ ಮೂರ್ಛೆಯೂ ಬರಬಹುದು. ಬಿಡಬೇಕಾದರೂ ವೈದ್ಯರು ಹೇಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಇನ್ನೊಬ್ಬರ ಪ್ರಾರ್ಥನಾಕೂಟದಲ್ಲಿ ಗುಣವಾಯಿತೆಂದು ಅಲ್ಲೇ ಮಾತ್ರೆ ಬಿಸಾಡುವುದು ವಿಶ್ವಾಸವಲ್ಲ. ಪ್ರಭು ಯೇಸು ಗುಣಪಡಿಸಿದ ಕುಷ್ಠರೋಗಿಗಳಿಗೂ "ಹೋಗಿ ಯಾಜಕನಿಗೆ ತೋರಿಸಿಕೊಳ್ಳಿ" ಎಂಬರ್ಥದ ಅಪ್ಪಣೆಯಿತ್ತರಲ್ಲವೇ? ಅಂದು ಆ ರೋಗವನ್ನು ಪರೀಕ್ಷಿಸಿ ತೀರ್ಮಾನಿಸುವ ಹೊಣೆ ಯಾಜಕರದ್ದಾಗಿತ್ತು. ಇಂದು ಅದು ವೈದ್ಯರದು.

ಎರಡನೆಯದು, ಯಾರಿಗೂ ಹೇಳದೆ ನುಂಗುತ್ತಲೇ ಇರುವುದು. ದಿನವೆಲ್ಲ ಜೋಲಾಡುತ್ತ, ಎರಡು ಸಲ ಬಿದ್ದೂ "ಡಾಕ್ಟರು ಕೊಟ್ಟಿದ್ದಾರೆ, ನಾವು ಕೇಳೋಕಾಗುತ್ತಾ?" ಎಂದು ಸುಮ್ಮನಿರುವವರು ಬಹಳ. ವಿಶೇಷವಾಗಿ ನಮ್ಮ ತಾಯಂದಿರು. ಇದನ್ನು ತಾಳ್ಮೆ ಎಂದು ಕರೆಯಬೇಡಿ. ದೇವರು ಕೊಟ್ಟ ಈ ದೇಹಕ್ಕೆ ನಾವು ಮೇಲ್ವಿಚಾರಕರು. ನಡೆದಿದ್ದನ್ನು ನಡೆದಂತೆ ವೈದ್ಯರಿಗೆ ಹೇಳುವುದು ಸತ್ಯ ನುಡಿಯುವ ಕರ್ತವ್ಯದ ಒಂದು ಭಾಗ. ನೀವು ಹೇಳದಿದ್ದರೆ ಅವರು ತೂಗುವುದಾದರೂ ಹೇಗೆ?

ಮನೆಯವರಿಗೂ ಒಂದು ಮಾತು. ನರದ ನೋವಿಗೆ ಗಾಯವಿಲ್ಲ, ಬಾವಿಲ್ಲ, ಜ್ವರವಿಲ್ಲ. ಎಕ್ಸ್‌ರೇಯಲ್ಲಿ ಕಾಣದು. ಆದ್ದರಿಂದ "ಅಮ್ಮನದು ದಿನಾ ಇದೇ ಗೋಳು" ಎಂಬ ಮಾತು ಬಾಯಿಗೆ ಬೇಗ ಬರುತ್ತದೆ. ಕಾಣದಿದ್ದರೂ ಅದು ನಿಜ. 1984ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಮಾನವನ ಸಂಕಟದ ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ಕ್ರಿಸ್ತರು ನಮಗೆ ಎರಡನ್ನೂ ಕಲಿಸಿದರೆಂದು ತಿಳಿಸಿದರು: ಸಂಕಟದ ಮೂಲಕ ಒಳಿತನ್ನು ಮಾಡುವುದು ಮತ್ತು ಸಂಕಟದಲ್ಲಿರುವವರಿಗೆ ಒಳಿತನ್ನು ಮಾಡುವುದು. ಮೊದಲನೆಯದನ್ನು ರೋಗಿಗೆ ಉಪದೇಶಿಸುವ ಮುನ್ನ ಎರಡನೆಯದನ್ನು ನಾವು ಮಾಡಿದ್ದೇವೆಯೇ? ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ನಡೆಗೆ ತಡವರಿಸುತ್ತಿದೆಯೇ, ಮಾತು ತೊದಲುತ್ತಿದೆಯೇ ಎಂದು ಗಮನಿಸಿ ಹೇಳಿ. ಅವರಿಗೇ ತಿಳಿಯದ ಬದಲಾವಣೆ ನಿಮಗೆ ಕಾಣುತ್ತದೆ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ ಹಾಕಿಡಿ. ಸ್ಪರ್ಶ ತಿಳಿಯದ ಪಾದಗಳನ್ನು ದಿನವೂ ನೋಡಿ, ಗಾಯವಿದೆಯೇ ಪರೀಕ್ಷಿಸಿ. ಕಡೆಯ ಭೋಜನದಲ್ಲಿ ಪ್ರಭು ಶಿಷ್ಯರ ಪಾದಗಳನ್ನು ಕೈಯಲ್ಲಿ ಹಿಡಿದರು. ತಂದೆತಾಯಿಯ ಪಾದಗಳನ್ನು ಹಿಡಿಯಲು ನಮಗೆ ಸಂಕೋಚವೇಕೆ?

ಉಳಿದ ನೋವು

ಎಲ್ಲ ತೂಗಿ, ಎಲ್ಲ ಮಾಡಿದ ಮೇಲೂ ಸ್ವಲ್ಪ ನೋವು ಉಳಿಯುತ್ತದೆ. ಇದನ್ನು ಮುಚ್ಚಿಟ್ಟು ಸುಳ್ಳು ಭರವಸೆ ಕೊಡುವುದು ಸರಿಯಲ್ಲ. ಸಂತ ಪೌಲರು ತಮ್ಮ ದೇಹದಲ್ಲಿ ನಾಟಿದ್ದ ಮುಳ್ಳಿನ ಬಗ್ಗೆ ಕೊರಿಂಥದವರಿಗೆ ಬರೆದರು. ಅದನ್ನು ತೆಗೆದುಬಿಡಿ ಎಂದು ಮೂರು ಸಲ ಪ್ರಭುವನ್ನು ಬೇಡಿಕೊಂಡರಂತೆ. ಗಮನಿಸಿ, ಮೊದಲು ತೆಗೆಯಲು ಬೇಡಿಕೊಂಡರು. ಒಮ್ಮೆಯಲ್ಲ, ಮೂರು ಸಲ. ಮುಳ್ಳು ಹೋಗಲಿಲ್ಲ. ಆದರೆ ಅದನ್ನು ಹೊರುವ ಕೃಪೆ ಸಿಕ್ಕಿತು. ಕ್ರೈಸ್ತನ ಶಿಲುಬೆ ಎಂದರೆ ಅದೇ. ವಿವೇಕದಿಂದ ತೆಗೆಯಬಹುದಾದದ್ದನ್ನು ತೆಗೆದ ಮೇಲೆ ಉಳಿಯುವುದು. ತೆಗೆಯಬಹುದಾದ ನೋವನ್ನು ಮೊಂಡುತನದಿಂದ ಇಟ್ಟುಕೊಂಡು ಅದಕ್ಕೆ ಶಿಲುಬೆ ಎಂದು ಹೆಸರಿಡಬಾರದು. ಉಳಿದ ನೋವನ್ನು ಶಪಿಸುತ್ತ ವ್ಯರ್ಥ ಮಾಡಲೂಬಾರದು. ಅದನ್ನು ಬಲಿಪೂಜೆಯಲ್ಲಿ ಅಪ್ಪದ ತಟ್ಟೆಯ ಮೇಲಿಡಿ, ಕುಟುಂಬಕ್ಕಾಗಿ, ಇಂಥದೇ ಉರಿಯಲ್ಲಿ ಎಚ್ಚರವಾಗಿರುವ ಅಪರಿಚಿತರಿಗಾಗಿ ಅರ್ಪಿಸಿ.

ಅಸ್ವಸ್ಥರ ಅಭ್ಯಂಗ ಸಂಸ್ಕಾರವನ್ನು ಸಾಯುವ ಗಳಿಗೆಗೆಂದು ಮೀಸಲಿಡಬೇಡಿ. ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ಇದು ಪ್ರಾಣ ಹೋಗುತ್ತಿರುವವರಿಗೆ ಮಾತ್ರವಲ್ಲ ಎಂದು ನೆನಪಿಸಿತು. ದೀರ್ಘ ರೋಗದಿಂದ ಗಂಭೀರವಾಗಿ ಬಳಲುತ್ತಿರುವವರೂ, ಮುಪ್ಪಿನಿಂದ ಕುಗ್ಗಿದವರೂ ಅದನ್ನು ಪಡೆಯಬಹುದು. ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ. ಪ್ರಭುವಿಗೂ ಶಿಲುಬೆ ಹೊರಲು ಸಿರೇನಿನ ಸಿಮೋನನ ಹೆಗಲು ಬೇಕಾಯಿತು. ನಮಗೆ ವೈದ್ಯರ ಹೆಗಲು, ಮನೆಯವರ ಹೆಗಲು, ಧರ್ಮಸಭೆಯ ಹೆಗಲು ಬೇಕಾದರೆ ಅದರಲ್ಲಿ ನಾಚಿಕೆಯೇನಿದೆ?

ಈ ವಾರ ಒಂದು ಕೆಲಸ ಮಾಡೋಣ. ನಿಮ್ಮ ಮನೆಯಲ್ಲಿ ಇಂಥ ನೋವಿರುವವರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಎರಡು ಪ್ರಶ್ನೆ ಕೇಳಿ: "ನೋವು ಹೇಗಿದೆ? ಮಾತ್ರೆಯಿಂದ ಏನಾದರೂ ತೊಂದರೆಯಾಗುತ್ತಿದೆಯೇ?" ಉತ್ತರವನ್ನು ಕೊನೆಯವರೆಗೂ ಕೇಳಿ, ಬರೆದುಕೊಳ್ಳಿ, ಮುಂದಿನ ಸಲ ವೈದ್ಯರ ಬಳಿಗೆ ಅವರ ಜೊತೆಯಲ್ಲೇ ಹೋಗಿ. ನೀವೇ ಆ ನೋವುಳ್ಳವರಾಗಿದ್ದರೆ, ಯಾರಾದರೂ ಕೇಳಲಿ ಎಂದು ಕಾಯದೆ ಇಂದೇ ಹೇಳಿಕೊಳ್ಳಿ.

ದಯಾಮಯನಾದ ದೇವರೇ, ಉರಿಯುವ ಪಾದಗಳನ್ನೂ ನಿದ್ದೆಗೆಟ್ಟ ಕಣ್ಣುಗಳನ್ನೂ ನೋಡಿರಿ. ವೈದ್ಯರಿಗೆ ವಿವೇಕವನ್ನೂ, ರೋಗಿಗಳಿಗೆ ಬಾಯಿಬಿಟ್ಟು ಹೇಳುವ ಧೈರ್ಯವನ್ನೂ, ಮನೆಯವರಿಗೆ ಕೇಳುವ ತಾಳ್ಮೆಯನ್ನೂ ಕರುಣಿಸಿರಿ. ತೆಗೆಯಬಹುದಾದ ಭಾರವನ್ನು ತೆಗೆಯಿರಿ, ಉಳಿದದ್ದನ್ನು ನಮ್ಮೊಡನೆ ಹೊರಿರಿ. ಆಮೆನ್.